ಮನೆಯಲ್ಲಿ ಮಾರ್ಫಿನ್ ಮಾತ್ರೆ ಕೊಡುವ ಕ್ರಮ: ಕ್ಯಾನ್ಸರ್ ರೋಗಿಯ ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯ ನರ್ಸ್ ಆಗಿ ಮನೆಮನೆಗೆ ಹೋಗುವ ನನಗೆ ಒಂದೇ ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಒಳಕೋಣೆಯಲ್ಲಿ ರೋಗಿ ಹಲ್ಲು ಕಚ್ಚಿ ಮುಲುಗುತ್ತಿರುತ್ತಾರೆ. ಹೊರಗೆ ಬೀರುವಿನಲ್ಲಿ ಮಾರ್ಫಿನ್ ಸ್ಟ್ರಿಪ್ಪು ಮುಕ್ಕಾಲು ಪಾಲು ಹಾಗೇ ಇರುತ್ತದೆ. ಯಾಕೆ ಅಂತ ಕೇಳಿದರೆ, "ಸಿಸ್ಟರ್, ಅಮ್ಮ ತೀರಾ ತಡ್ಕೊಳ್ಳೋಕಾಗ್ದೆ ಅಳೋಕೆ ಶುರು ಮಾಡಿದ್ರೆ ಒಂದು ಕೊಡ್ತೀವಿ. ಸ್ಟ್ರಾಂಗ್ ಮಾತ್ರೆ ಅಲ್ವಾ, ಚಟ ಆಗಿಬಿಟ್ರೆ?" ಅನ್ನುತ್ತಾರೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಆದರೆ ಈ ಕ್ರಮದಲ್ಲಿ ಕೊಟ್ಟರೆ ಮಾರ್ಫಿನ್ ಕೆಲಸ ಮಾಡುವುದಿಲ್ಲ, ತೊಂದರೆ ಮಾತ್ರ ಕೊಡುತ್ತದೆ.

ಡಾಕ್ಟರು ನೋಡಿ, ಪ್ರಮಾಣ ಬರೆದು, ಮಾತ್ರೆ ಕೊಟ್ಟು ಕಳಿಸಿದ ಮನೆಗಳಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಕೊಟ್ಟವು. ನಿಮ್ಮ ರೋಗಿಯ ಪ್ರಮಾಣ ನಿಮ್ಮ ಚೀಟಿಯಲ್ಲಿ ಇರುವುದೇ.

## ಶುರು ಮಾಡುವ ಮೊದಲು: ಒಳಗೆ ಏನಾಗುತ್ತದೆ

ನೋವಿನ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಮೆದುಳಿಗೆ ಏರುತ್ತದೆ. ಈ ದಾರಿಯುದ್ದಕ್ಕೂ ಮ್ಯೂ ಗ್ರಾಹಕಗಳು ಎಂಬ ಜಾಗಗಳಿವೆ. ಮಾರ್ಫಿನ್ ಅಲ್ಲಿ ಹೋಗಿ ಕೂತರೆ ಸುದ್ದಿ ಮೇಲೇರುವುದು ಕಡಿಮೆಯಾಗುತ್ತದೆ. ಇದೇ ಗ್ರಾಹಕಗಳು ಕರುಳಿನಲ್ಲೂ ಇವೆ, ಹಾಗಾಗಿ ಮಲ ಕಟ್ಟುತ್ತದೆ. ಉಸಿರಾಟ ನಡೆಸುವ ಮೆದುಳಿನ ಭಾಗದಲ್ಲೂ ಇವೆ, ಹಾಗಾಗಿ ಪ್ರಮಾಣ ಮೀರಿದರೆ ಉಸಿರು ನಿಧಾನವಾಗುತ್ತದೆ. ವಾಂತಿಯ ಭಾವ ಹುಟ್ಟಿಸುವ ಜಾಗವನ್ನೂ ಈ ಔಷಧ ಕೆಣಕುತ್ತದೆ. ಮುಂದೆ ಹೇಳುವ ಒಂದೊಂದು ಎಚ್ಚರಿಕೆಯೂ ಇಲ್ಲಿಂದಲೇ ಬರುತ್ತದೆ.

ಇನ್ನೊಂದು ಮಾತು ಸಮಯದ್ದು. ಸಾಮಾನ್ಯ ಮಾರ್ಫಿನ್ ಮಾತ್ರೆ ನುಂಗಿದ ಸುಮಾರು ಅರ್ಧ ಗಂಟೆಗೆ ಕೆಲಸ ಶುರು ಮಾಡಿ, ಒಂದು ಗಂಟೆಯ ಹೊತ್ತಿಗೆ ಜೋರಾಗಿ, ನಾಲ್ಕು ಗಂಟೆಗೆ ಇಳಿದುಹೋಗುತ್ತದೆ. ನಾಲ್ಕು ಗಂಟೆ ಎಂಬ ಈ ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

## 1. ಚೀಟಿ ಮತ್ತು ಸ್ಟ್ರಿಪ್ಪು ಪಕ್ಕಪಕ್ಕ ಇಟ್ಟು ಓದಿ

ಮಾರ್ಫಿನ್ ಮಾತ್ರೆ ಎರಡು ಬಗೆ. ಒಂದು ಬೇಗ ಕರಗುವ ಸಾಮಾನ್ಯ ಮಾತ್ರೆ, ನಾಲ್ಕು ಗಂಟೆಗೊಮ್ಮೆ ಕೊಡುವುದು. ಇನ್ನೊಂದು ನಿಧಾನವಾಗಿ ಬಿಡುಗಡೆಯಾಗುವುದು, ಹೆಸರಿನ ಪಕ್ಕ ಎಸ್‌ಆರ್ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಎರಡರಲ್ಲೂ 10 ಮಿ.ಗ್ರಾಂ, 30 ಮಿ.ಗ್ರಾಂ ಎಂದೇ ಇರುವುದರಿಂದ ಅದಲುಬದಲಾಗುವುದು ಸುಲಭ. ಎಸ್‌ಆರ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಟ್ಟ ಮನೆಯನ್ನು ನಾನು ನೋಡಿದ್ದೇನೆ. ಎರಡನೆಯ ದಿನ ರೋಗಿಯನ್ನು ಎಬ್ಬಿಸಲು ಆಗಲಿಲ್ಲ, ಆಸ್ಪತ್ರೆಗೆ ಸಾಗಿಸಬೇಕಾಯಿತು.

ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಬೇಡಿ, ಮುರಿಯಬೇಡಿ, ಅಗಿಯಲು ಬಿಡಬೇಡಿ. 12 ಗಂಟೆಗೆ ಹಂಚಿಹೋಗಬೇಕಾದ ಔಷಧ ಪುಡಿಯಾದರೆ ಒಂದೇ ಗಂಟೆಯಲ್ಲಿ ರಕ್ತಕ್ಕೆ ನುಗ್ಗುತ್ತದೆ. ನುಂಗಲು ಆಗದವರಿಗೆ, ಮೂಗಿನ ಕೊಳವೆಯಲ್ಲಿ ಊಟ ಹೋಗುವವರಿಗೆ ಸಾಮಾನ್ಯ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡಬಹುದು. ಅಂಥವರ ಕೈಗೆ ಎಸ್‌ಆರ್ ಬಂದಿದ್ದರೆ ಹಿಂದೆ ಕೊಟ್ಟು ಬದಲಿಸಿಕೊಳ್ಳಿ.

ಆಸ್ಪತ್ರೆಯಿಂದ ಬಂದವರಿಗೆ ಒಂದು ಗಾಬರಿ ಇರುತ್ತದೆ: "ಅಲ್ಲಿ 10 ಇಂಜೆಕ್ಷನ್ ಕೊಡ್ತಿದ್ರು, ಮನೆಗೆ 30 ಬರೆದಿದ್ದಾರೆ, ಮೂರು ಪಟ್ಟು!" ಇದು ತಪ್ಪಲ್ಲ. ನುಂಗಿದ ಮಾರ್ಫಿನ್ ಕರುಳಿನಿಂದ ನೇರ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹೋಗುತ್ತದೆ. ಅಲ್ಲಿ ಬಹುಪಾಲು ಮಾರ್ಪಾಡಾಗಿ ಸುಮಾರು ಮೂರನೇ ಒಂದು ಪಾಲಷ್ಟೇ ರಕ್ತಕ್ಕೆ ಸಿಗುತ್ತದೆ. ಹಾಗಾಗಿ 10 ಮಿ.ಗ್ರಾಂ ಇಂಜೆಕ್ಷನ್ನಿಗೆ ಸರಿಸುಮಾರು 30 ಮಿ.ಗ್ರಾಂ ಮಾತ್ರೆ ಸಮ.

ಇದೇ ಹಂತದಲ್ಲಿ ಡಾಕ್ಟರಿಗೆ ತಪ್ಪದೆ ತಿಳಿಸಬೇಕಾದ್ದು ಕಿಡ್ನಿ ತೊಂದರೆ. ಲಿವರ್ ಮಾರ್ಪಡಿಸಿದ ಮಾರ್ಫಿನ್ ಮೂತ್ರದಲ್ಲಿ ಹೊರಹೋಗಬೇಕು. ಕಿಡ್ನಿ ಸೋತಿದ್ದರೆ ಅದು ಒಳಗೇ ಶೇಖರವಾಗುತ್ತದೆ. ಅಂಥವರಿಗೆ ಪ್ರಮಾಣ ತಗ್ಗಿಸಬೇಕು, ಅಂತರ ಹೆಚ್ಚಿಸಬೇಕು, ಅಥವಾ ಬೇರೆ ಔಷಧವನ್ನೇ ಹಿಡಿಯಬೇಕು. ಕಿಡ್ನಿ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಹಳೆಯ ರಿಪೋರ್ಟ್ ಇದ್ದರೆ ಫೈಲಿನ ಮೇಲ್ಗಡೆಗೇ ಇಡಿ.

## 2. ಬೇಕಾದ ಸಾಮಾನು ಒಂದೆಡೆ ಜೋಡಿಸಿ

ಒಂದು ನೋಟ್‌ಬುಕ್ಕು, ಪೆನ್ನು, ಸೆಕೆಂಡ್ ಮುಳ್ಳಿರುವ ಗಡಿಯಾರ, ಅಲಾರಂ ಇರುವ ಮೊಬೈಲ್, ಬೀಗ ಹಾಕುವ ಡಬ್ಬಿ ಅಥವಾ ಬೀರು, ಮಲ ಸಡಿಲಿಸುವ ಔಷಧ, ವಾಂತಿಯ ಮಾತ್ರೆ. ಕೊನೆಯ ಎರಡು ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಂಡೇ ಹೊರಡಿ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಎಳೆಯಿರಿ: ಸಮಯ, ಕೊಟ್ಟ ಪ್ರಮಾಣ, ನೋವು ಹತ್ತರಲ್ಲಿ ಎಷ್ಟು, ಕಕ್ಕಸು ಆಯಿತೇ, ಇತರೆ. ನೋವಿನ ಅಂಕವನ್ನು ರೋಗಿಯೇ ಹೇಳಬೇಕು. ಅಂಕ ಹೇಳಲು ಬಾರದ ಅಜ್ಜಿಯರಿಗೆ ನಾನು "ರೂಪಾಯಿಯಲ್ಲಿ ನಾಲ್ಕಾಣೆ ನೋವೋ, ಎಂಟಾಣೆಯೋ, ಹನ್ನೆರಡಾಣೆಯೋ" ಎಂದು ಕೇಳುತ್ತೇನೆ, ತಟ್ಟನೆ ಉತ್ತರ ಬರುತ್ತದೆ. ಮಾತ್ರೆ ಕೊಡುವವರು ಒಬ್ಬರೇ ಆಗಿರಲಿ. ಅಣ್ಣ ಕೊಟ್ಟದ್ದು ಅತ್ತಿಗೆಗೆ ಗೊತ್ತಿಲ್ಲದೆ ಎರಡು ಸಲ ಹೋಗುವುದು ತುಂಬಿದ ಮನೆಗಳಲ್ಲೇ ಹೆಚ್ಚು.

ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳ ಮೂಲಕ ಸಿಗುವುದು ಸುಲಭವಾಯಿತು. ಆದರೂ ಊರೂರಿಗೆ ಬಂದಿಲ್ಲ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಹೊರಡಿ. ಭಾನುವಾರ, ಹಬ್ಬದ ರಜೆ ಲೆಕ್ಕದಲ್ಲಿರಲಿ. ರೋಗಿ ಬರಲಾಗದಿದ್ದರೆ ಯಾವ ಕಾಗದ ತಂದರೆ ಮನೆಯವರ ಕೈಗೆ ಕೊಡುತ್ತೀರಿ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

## 3. ನೋವು ನೋಡಿ ಅಲ್ಲ, ಗಡಿಯಾರ ನೋಡಿ ಕೊಡಿ

ಹೆಚ್ಚು ಮನೆಗಳು ಎಡವುವುದು ಇಲ್ಲೇ. ನೋವು ಬಂದ ಮೇಲೆ ಕೊಟ್ಟರೆ ಮಾತ್ರೆ ಏರಲು ಅರ್ಧ ಗಂಟೆ, ಜೋರಾಗಲು ಒಂದು ಗಂಟೆ. ಅಷ್ಟು ಹೊತ್ತಿಗೆ ನೋವು ತಾನೂ ಏರಿರುತ್ತದೆ, ಅದನ್ನು ಇಳಿಸಲು ಹೆಚ್ಚು ಔಷಧ ಬೇಕಾಗುತ್ತದೆ. ರೋಗಿಯೂ ಮುಂದಿನ ನೋವಿಗೆ ಹೆದರಿ ಕಾಯುತ್ತಾ ಮಲಗಿರುತ್ತಾರೆ. ಹಿಂದಿನ ಮಾತ್ರೆ ಇಳಿಯುವ ಮೊದಲೇ ಮುಂದಿನದು ಹೊಟ್ಟೆಯಲ್ಲಿದ್ದರೆ ರಕ್ತದಲ್ಲಿ ಮಟ್ಟ ಸಮನಾಗಿ ನಿಲ್ಲುತ್ತದೆ.

ಸಾಮಾನ್ಯ ಮಾತ್ರೆಗೆ ರೂಢಿಯ ವೇಳಾಪಟ್ಟಿ ಹೀಗೆ: ಬೆಳಿಗ್ಗೆ 6, ಬೆಳಿಗ್ಗೆ 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 2 ಗಂಟೆಗೆ ಎಬ್ಬಿಸುವುದನ್ನು ತಪ್ಪಿಸಲು ರಾತ್ರಿ 10ರದ್ದನ್ನು ದುಪ್ಪಟ್ಟು ಮಾಡಿ ಬರೆಯುವುದುಂಟು. 10 ಮಿ.ಗ್ರಾಂ ಪಡೆಯುವವರಿಗೆ ಹಗಲು ನಾಲ್ಕು ಸಲ 10, ರಾತ್ರಿ ಮಲಗುವಾಗ 20, ದಿನಕ್ಕೆ 60 ಮಿ.ಗ್ರಾಂ. ದುಪ್ಪಟ್ಟು ಎಂದು ಬರೆದಿದ್ದರೆ ಮಾತ್ರ ದುಪ್ಪಟ್ಟು. ತೀರಾ ಬಡಕಲಾದವರಿಗೆ, ವಯಸ್ಸಾದವರಿಗೆ ಎಷ್ಟೋ ಸಲ ಬರೆಯುವುದಿಲ್ಲ.

ನೋವಿಲ್ಲ ಅಂದರೂ ಆ ಹೊತ್ತಿನ ಮಾತ್ರೆ ಕೊಡಿ. ನೋವಿಲ್ಲದಿರುವುದು ಹಿಂದಿನ ಮಾತ್ರೆಯ ಕೆಲಸ. ನಿದ್ದೆಯಲ್ಲಿದ್ದರೆ ಮೆಲ್ಲಗೆ ಎಬ್ಬಿಸಿ, ಕಣ್ಣು ಬಿಟ್ಟು ಮಾತಾಡಿದರೆ ಕೊಡಿ. ಎಬ್ಬಿಸಿದರೂ ಏಳದಿದ್ದರೆ ಕೊಡಬೇಡಿ, 7ನೇ ಹಂತ ನೋಡಿ.

ಒಂದು ಹೊತ್ತು ಮರೆತರೆ, ನೆನಪಾದ ತಕ್ಷಣ ಆ ಒಂದನ್ನು ಕೊಟ್ಟು, ಅಲ್ಲಿಂದ ನಾಲ್ಕು ಗಂಟೆ ಎಣಿಸಿ. ಮರೆತದ್ದಕ್ಕೂ ಈಗಿನದಕ್ಕೂ ಸೇರಿಸಿ ಎರಡು ಕೊಡಬೇಡಿ. ವಾಂತಿಯಲ್ಲಿ ಮಾತ್ರೆ ಇಡಿಯಾಗಿ ಕಂಡರೆ ಮತ್ತೊಂದು ಕೊಡಬಹುದು. ಕಾಣದಿದ್ದರೆ ಊಹೆ ಬೇಡ, ಫೋನ್ ಮಾಡಿ ಕೇಳಿ.

## 4. ನಡುವೆ ನುಗ್ಗುವ ನೋವಿಗೆ ಬೇರೆ ಲೆಕ್ಕ

ವೇಳೆಗೆ ಸರಿಯಾಗಿ ಕೊಟ್ಟರೂ ಸ್ನಾನ ಮಾಡಿಸುವಾಗ, ಗಾಯದ ಬಟ್ಟೆ ಬದಲಿಸುವಾಗ, ಕೆಲವು ಸಲ ಕಾರಣವೇ ಇಲ್ಲದೆ ನೋವು ಎದ್ದುಬರುತ್ತದೆ. ಇದಕ್ಕೆಂದು ಚೀಟಿಯಲ್ಲಿ ಹೆಚ್ಚುವರಿ ಪ್ರಮಾಣ ಬರೆದಿರಬೇಕು. ಸಾಮಾನ್ಯವಾಗಿ ಅದು ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಅದನ್ನು ಕೊಟ್ಟ ಕಾರಣಕ್ಕೆ ಮುಂದಿನ ವೇಳೆಯ ಮಾತ್ರೆ ಬಿಡಬಾರದು. ಸ್ನಾನಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮೊದಲೇ ಕೊಟ್ಟರೆ ಎಷ್ಟೋ ಒಳ್ಳೆಯದು. ಹೆಚ್ಚುವರಿಗೆ ಬಳಸುವುದು ಬೇಗ ಕರಗುವ ಮಾತ್ರೆಯನ್ನೇ, ಎಸ್‌ಆರ್ ಅಲ್ಲ. ಒಂದರಿಂದ ಇನ್ನೊಂದಕ್ಕೆ ಎಷ್ಟು ಅಂತರವಿರಬೇಕೆಂದು ಕೇಳಿ ಬರೆದುಕೊಳ್ಳಿ.

ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೆಚ್ಚುವರಿ ಬೇಕಾದರೆ ನೋಟ್‌ಬುಕ್ಕು ಹಿಡಿದು ಡಾಕ್ಟರಿಗೆ ಫೋನ್ ಮಾಡಿ. ನೀವಾಗಿಯೇ ವೇಳೆಯ ಪ್ರಮಾಣ ಏರಿಸಬೇಡಿ. ಕೆಲವು ನೋವು ಮಾರ್ಫಿನ್ನಿಗೆ ಅರ್ಧಂಬರ್ಧವಷ್ಟೇ ಬಗ್ಗುತ್ತದೆ. ಉರಿ, ಕರೆಂಟು ಹೊಡೆದಂತೆ ಚುಳುಕು, ಸೂಜಿ ಚುಚ್ಚಿದಂತೆ ಅನ್ನಿಸಿದರೆ ಅದು ನರದ ನೋವು, ಅದಕ್ಕೆ ಗ್ಯಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಥರದ ಮಾತ್ರೆ ಜೊತೆಗೆ ಬೇಕಾಗಬಹುದು. ಹಾಗಾಗಿ ನೋವು ಎಷ್ಟು ಎನ್ನುವುದರ ಜೊತೆಗೆ ಎಂಥದ್ದು ಎಂದೂ ಹೇಳಿ.

## 5. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧ

ವಾಂತಿ, ಜೊಂಪು ದಿನ ಕಳೆದಂತೆ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಮಾರ್ಫಿನ್ ಇರುವಷ್ಟು ದಿನವೂ ಇರುತ್ತದೆ, ಕರುಳು ಅದಕ್ಕೆ ಒಗ್ಗಿಕೊಳ್ಳುವುದೇ ಇಲ್ಲ. ಕರುಳಿನ ತಳ್ಳುವ ಚಲನೆ ನಿಧಾನವಾಗಿ, ಮಲದ ನೀರೆಲ್ಲ ಹೀರಿಹೋಗಿ ಕಲ್ಲಾಗುತ್ತದೆ. ಆದ್ದರಿಂದ ಕರುಳನ್ನು ತಳ್ಳುವ ಬಿಸಾಕೊಡಿಲ್ ಅಥವಾ ಸೆನ್ನಾ, ಅಗತ್ಯವಿದ್ದರೆ ನೀರು ಹಿಡಿದಿಡುವ ಲ್ಯಾಕ್ಟುಲೋಸ್, ಇವನ್ನು ಮೊದಲ ಮಾರ್ಫಿನ್ ಮಾತ್ರೆಯ ದಿನವೇ ಶುರು ಮಾಡಬೇಕು. ಮೂರು ದಿನ ಕಾದು ನೋಡೋಣ ಎನ್ನುವಂತಿಲ್ಲ.

"ಬಾಳೆಹಣ್ಣು, ಪಪ್ಪಾಯಿ ಕೊಡ್ತಿದ್ದೀವಿ ಸಿಸ್ಟರ್" ಅನ್ನುತ್ತಾರೆ. ಕೊಡಿ, ಆದರೆ ಅಷ್ಟೇ ಸಾಲದು. ಇಸಬ್ಗೋಲನ್ನಂತೂ ಕೇಳದೆ ಕೊಡಬೇಡಿ. ಅದು ಉಬ್ಬಲು ಸಾಕಷ್ಟು ನೀರು ಬೇಕು, ಕರುಳು ಚಲಿಸಬೇಕು. ನಾಲ್ಕು ಚಮಚ ಗಂಜಿ ಕುಡಿಯುವ ರೋಗಿಯ ಹೊಟ್ಟೆಯಲ್ಲಿ ಅದು ಮುದ್ದೆಯಾಗಿ ಕೂತುಬಿಡುತ್ತದೆ.

ಎರಡು ಮೋಸದ ಸಂದರ್ಭ ಗೊತ್ತಿರಲಿ. ಒಂದು, ಕಟ್ಟಿದ ಮಲದಿಂದಲೇ ಹೊಟ್ಟೆ ಹಿಂಡುತ್ತದೆ. ಮನೆಯವರು ಕ್ಯಾನ್ಸರ್ ನೋವು ಹೆಚ್ಚಾಯಿತೆಂದು ಹೆಚ್ಚುವರಿ ಮಾರ್ಫಿನ್ ಕೊಡುತ್ತಾರೆ, ಮಲ ಇನ್ನಷ್ಟು ಕಟ್ಟುತ್ತದೆ, ನೋವು ಇನ್ನಷ್ಟು ಏರುತ್ತದೆ. ಎರಡು, ಗಟ್ಟಿ ಮಲದ ಪಕ್ಕದಿಂದ ನೀರಿನಂಥ ಮಲ ಸೋರುತ್ತದೆ. ಬೇಧಿ ಶುರುವಾಯಿತೆಂದು ಮಲ ಸಡಿಲಿಸುವ ಔಷಧ ನಿಲ್ಲಿಸಿ, ಬೇಧಿ ನಿಲ್ಲುವ ಮಾತ್ರೆ ಕೊಡುತ್ತಾರೆ. ಹಲವು ದಿನ ಮಲವಾಗದೆ ಇದ್ದಕ್ಕಿದ್ದಂತೆ ಸ್ವಲ್ಪ ಸ್ವಲ್ಪ ನೀರು ಸೋರಿದರೆ ಅದು ಬೇಧಿ ಎಂದು ನಂಬಬೇಡಿ, ನರ್ಸನ್ನು ಕರೆಯಿರಿ. ಮೂರು ದಿನ ಮಲವಾಗದಿದ್ದರೂ ಕರೆಯಿರಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಅಡಚಿರಬಹುದು, ಆಗ ಮನೆಯಲ್ಲಿ ಏನನ್ನೂ ಕೊಡದೆ ಆಸ್ಪತ್ರೆಗೆ ಹೊರಡಿ.

## 6. ಮೊದಲ ವಾರ ಗಟ್ಟಿಯಾಗಿ ನಿಲ್ಲಿ

ಮೊದಲ ಎರಡು ಮೂರು ದಿನ ರೋಗಿ ಹೆಚ್ಚು ನಿದ್ದೆ ಮಾಡುತ್ತಾರೆ. ವಾರಗಟ್ಟಲೆ ನೋವಿನಲ್ಲಿ ಕಣ್ಣು ಮುಚ್ಚದವರ ಬಾಕಿ ನಿದ್ದೆಯೂ ಇದರಲ್ಲಿ ಸೇರಿರುತ್ತದೆ. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ, ಅಷ್ಟು ದಿನ ವಾಂತಿಯ ಮಾತ್ರೆಯನ್ನು ಬರೆದಂತೆ ಕೊಡಿ. ಬಾಯಿ ಒಣಗುತ್ತದೆ, ಆಗಾಗ ಗುಟುಕು ನೀರು ಕೊಟ್ಟು ತುಟಿ ಒರೆಸಿ. ಮೈ ತುರಿಸಬಹುದು. ಮೂತ್ರ ಕಟ್ಟಿಕೊಂಡರೆ ಮಾತ್ರ ಆ ದಿನವೇ ತಿಳಿಸಿ.

ಈ ವಾರದಲ್ಲೇ ನೆಂಟರು ಬಂದು "ಇದು ಕೊನೆಗಾಲದಲ್ಲಿ ಕೊಡೋ ಮಾತ್ರೆ" ಎಂದು ಹೆದರಿಸಿ, ಎರಡನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ. ನೋವಿಗೆ ಕೊಡುವ ಮಾತ್ರೆ ಇದು. ಇದನ್ನು ತೆಗೆದುಕೊಂಡು ತಿಂಗಳುಗಟ್ಟಲೆ ಜಗಲಿಯಲ್ಲಿ ಕೂತು ಪೇಪರ್ ಓದಿದವರು, ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಿದವರು ನನ್ನ ನೋಟ್‌ಬುಕ್ಕಿನಲ್ಲಿದ್ದಾರೆ.

ಚಟದ ಮಾತಿಗೂ ಇಲ್ಲೇ ಉತ್ತರ ಹೇಳುತ್ತೇನೆ. ಕೆಲವು ವಾರ ಕೊಟ್ಟ ಮೇಲೆ ದೇಹ ಮಾರ್ಫಿನ್ನಿಗೆ ಒಗ್ಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು, ಬೆವರು, ಹೊಟ್ಟೆನೋವು, ಬೇಧಿ ಒಂದೆರಡು ದಿನದೊಳಗೆ ಕಾಣಿಸುತ್ತವೆ. ಇದು ಯಾರಿಗಾದರೂ ಆಗುವ ದೇಹದ ಪ್ರತಿಕ್ರಿಯೆ. ಚಟವೆಂದರೆ ಹಾನಿಯಾಗುತ್ತಿದ್ದರೂ ಮನಸ್ಸು ಅದರ ಹಿಂದೆಯೇ ಬೀಳುವುದು. ಕ್ಯಾನ್ಸರ್ ನೋವಿಗೆ ಬರೆದ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಅದು ಅಪರೂಪ. ಹಿಂದೆ ಕುಡಿತ ಅಥವಾ ಮಾದಕ ವಸ್ತುವಿನ ಚಟ ಇದ್ದವರಾದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅವರಿಗೂ ನೋವಿನ ಔಷಧ ಸಿಗುತ್ತದೆ, ನಿಗಾ ಹೆಚ್ಚಿರುತ್ತದೆ.

## 7. ಅಪಾಯದ ಗುರುತುಗಳು

ಉಸಿರು ಇದ್ದಕ್ಕಿದ್ದಂತೆ ನಿಂತುಹೋಗುವುದಿಲ್ಲ. ಮೊದಲು ಜೊಂಪು ಆಳವಾಗುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. ಆದ್ದರಿಂದ ಜೊಂಪಿನ ಮೇಲೆ ಕಣ್ಣಿಡಿ.

ರೋಗಿ ನಿದ್ದೆಯಲ್ಲಿರುವಾಗ ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಲು ಕಲಿಯಿರಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಉಸಿರು ನಿಧಾನವಾದಾಗ ಆ ಲೆಕ್ಕ ತಪ್ಪುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 10ಕ್ಕಿಂತ ಕಡಿಮೆಯಾದರೆ ಮುಂದಿನ ಮಾತ್ರೆ ತಡೆದು ಫೋನ್ ಮಾಡಿ.

ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುವುದನ್ನು ನೋಡಿ ಹಲವರು ಬೆಚ್ಚುತ್ತಾರೆ. ಸರಿಯಾದ ಪ್ರಮಾಣದಲ್ಲೂ ಮಾರ್ಫಿನ್ ಪಾಪೆಯನ್ನು ಚಿಕ್ಕದು ಮಾಡುತ್ತದೆ. ಅದೊಂದೇ ಗುರುತಿಗೆ ಗಾಬರಿ ಬೇಡ, ಏಳದಿರುವುದು ಮತ್ತು ನಿಧಾನ ಉಸಿರು ಜೊತೆಗಿದ್ದರೆ ಅಪಾಯ.

ಅದಕ್ಕೂ ಮೊದಲೇ ಬರುವ ಸುಳಿವುಗಳಿವೆ: ಕೈಕಾಲು ಆಗಾಗ ತಾನಾಗಿ ಎಗರುವುದು, ಲೋಟ ಕೈತಪ್ಪುವುದು, ಇಲ್ಲದವರನ್ನು ಗೋಡೆಯ ಪಕ್ಕ ಕಂಡು ಮಾತಾಡುವುದು, ಮಾತು ತೊದಲುವುದು, ಮೂತ್ರ ತೀರಾ ಕಡಿಮೆಯಾಗುವುದು. ಇವು ಮಾರ್ಫಿನ್ ಒಳಗೆ ಶೇಖರವಾಗುತ್ತಿರುವ ಲಕ್ಷಣಗಳಿರಬಹುದು. ವಾಂತಿ ಬೇಧಿಯಿಂದ ಮೈಯಲ್ಲಿ ನೀರು ಬತ್ತಿದ ದಿನಗಳಲ್ಲಿ ಹೆಚ್ಚು ಎಚ್ಚರವಿರಲಿ. ರೇಡಿಯೇಷನ್ ಆದ ಮೇಲೂ ಹಾಗೆಯೇ. ನೋವೇ ಉಸಿರಾಟವನ್ನು ಎಚ್ಚರವಾಗಿಟ್ಟಿರುತ್ತದೆ. ಗಡ್ಡೆ ಕುಗ್ಗಿ ನೋವು ಇಳಿದರೆ, ನಿನ್ನೆಯವರೆಗೆ ಸರಿಯಿದ್ದ ಪ್ರಮಾಣ ಇಂದು ಹೆಚ್ಚಾಗಬಹುದು.

ಭುಜ ಅಲುಗಿಸಿ ಜೋರಾಗಿ ಕರೆದರೂ ಏಳದೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕೆಳಗಿಳಿದು, ತುಟಿ ಉಗುರು ನೀಲಿಯಾದರೆ 108ಕ್ಕೆ ಕರೆ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಲ್ಲಿ ಏನಾದರೂ ಇದ್ದರೆ ತೆಗೆಯಿರಿ. ಮೈಮೇಲೆ ನೋವಿನ ಔಷಧದ ಪಟ್ಟಿ (9ನೇ ಹಂತ ನೋಡಿ) ಅಂಟಿಸಿದ್ದರೆ ಕಿತ್ತುಹಾಕಿ. ಉಸಿರೇ ನಿಂತಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಮಾಡಿ. ಅಮಲು ಇಳಿಯಲೆಂದು ನಿಂಬೆರಸ, ಮಜ್ಜಿಗೆ, ಕಾಫಿ ಬಾಯಿಗೆ ಹೊಯ್ಯಬೇಡಿ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನಲೋಕ್ಸೋನ್ ಎಂಬ ಇಂಜೆಕ್ಷನ್ ಮಾರ್ಫಿನ್ನನ್ನು ಗ್ರಾಹಕಗಳಿಂದ ಎಬ್ಬಿಸಿ ಕಳಿಸುತ್ತದೆ. ಆದರೆ ಅದು ಬೇಗ ಇಳಿಯುತ್ತದೆ, ಮಾರ್ಫಿನ್ ಇನ್ನೂ ಉಳಿದಿರುತ್ತದೆ. ಕಣ್ಣು ಬಿಟ್ಟರು ಎಂದು ಕೂಡಲೇ ಮನೆಗೆ ಕರೆತರಬೇಡಿ. ಕೊನೆಯ ಮಾತ್ರೆ ಎಸ್‌ಆರ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ.

## 8. ಜೊತೆಗೆ ಸೇರಬಾರದವು

ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೂಡ ಮಾರ್ಫಿನ್ ಸೇರಿದ ಓಪಿಯಾಯ್ಡ್ ಗುಂಪಿನದೇ. ಮಾರ್ಫಿನ್ ಶುರುವಾದಾಗ ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರೆ, ಆದರೆ ಹಳೆಯ ಸ್ಟ್ರಿಪ್ಪು ಮನೆಯಲ್ಲಿ ಉಳಿದು ಎರಡೂ ನಡೆಯುತ್ತಿರುತ್ತವೆ. ಹಳೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮುಂದೆ ಸುರಿಯಿರಿ, ಯಾವುದು ಇರಲಿ, ಯಾವುದು ಹೋಗಲಿ ಎಂದು ಅವರೇ ವಿಂಗಡಿಸಲಿ.

ಮದ್ಯ, ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಜೊಂಪು ತರುವ ನೆಗಡಿ ಮಾತ್ರೆ, ಇವೆಲ್ಲ ಮಾರ್ಫಿನ್ ಜೊತೆ ಸೇರಿ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ. ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ, ಅದು ಕಿಡ್ನಿಗೆ ಪೆಟ್ಟು ಕೊಟ್ಟರೆ ಮಾರ್ಫಿನ್ ಹೊರಹೋಗುವ ದಾರಿಯೇ ಮುಚ್ಚುತ್ತದೆ.

ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದಿದೆ. ರಾತ್ರಿ ನೋವು ಹೆಚ್ಚಾಯಿತೆಂದು ಊರಿನ ಕ್ಲಿನಿಕ್ಕಿಗೆ ಹೋದರೆ ಕೆಲವೆಡೆ ಪೆಂಟಾಜೊಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದೂ ನೋವಿನ ಔಷಧವೇ. ಆದರೆ ಮಾರ್ಫಿನ್ ಕೂತಿರುವ ಜಾಗಕ್ಕೆ ನುಗ್ಗಿ, ಅದನ್ನು ಎಬ್ಬಿಸಿ, ಅದರಷ್ಟು ಕೆಲಸ ತಾನು ಮಾಡುವುದಿಲ್ಲ. ನೋವು ಏರಿ, ಬೆವರಿ, ನಡುಗಿ ರೋಗಿ ಒದ್ದಾಡುತ್ತಾರೆ. ಎಲ್ಲಿಗೆ ಹೋದರೂ "ಇವರು ದಿನಾ ಮಾರ್ಫಿನ್ ತಗೋತಿದ್ದಾರೆ" ಎಂಬುದೇ ನಿಮ್ಮ ಮೊದಲ ಮಾತಾಗಿರಲಿ.

## 9. ಫೆಂಟಾನಿಲ್ ಪಟ್ಟಿಗೆ ಬದಲಿಸಿದರೆ

ನುಂಗಲಾಗದವರಿಗೆ ಫೆಂಟಾನಿಲ್ ಎಂಬ, ಮಾರ್ಫಿನ್ ಗುಂಪಿನದೇ ನೋವಿನ ಔಷಧವಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿ ಬರೆಯುವುದುಂಟು. ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಹಳೆಯದನ್ನು ತೆಗೆದೇ ಹೊಸದನ್ನು ಬೇರೆ ಜಾಗದಲ್ಲಿ ಅಂಟಿಸಿ, ತಾರೀಖು ಬರೆಯಿರಿ. ಔಷಧ ಮೊದಲು ಚರ್ಮದಡಿ ತುಂಬಿ ಆಮೇಲೆ ರಕ್ತಕ್ಕೆ ಇಳಿಯುವುದರಿಂದ ಪೂರ್ತಿ ಕೆಲಸಕ್ಕೆ 12ರಿಂದ 24 ಗಂಟೆ ಬೇಕು. ಆ ನಡುವೆ ಮಾರ್ಫಿನ್ ಎಷ್ಟು ಹೊತ್ತು ಮುಂದುವರಿಸಬೇಕೆಂದು ಕೇಳಿ. ಕಿತ್ತ ಮೇಲೂ ಒಂದು ದಿನದ ತನಕ ಪರಿಣಾಮ ಉಳಿಯುತ್ತದೆ.

ಪಟ್ಟಿಯ ಮೇಲೆ ಬಿಸಿನೀರಿನ ಬ್ಯಾಗ್ ಇಡಬೇಡಿ. ಶಾಖಕ್ಕೆ ಔಷಧ ವೇಗವಾಗಿ ಒಳಗಿಳಿಯುತ್ತದೆ. ಜೋರು ಜ್ವರ ಬಂದರೂ ಹಾಗೆಯೇ, ಆಗ ಡಾಕ್ಟರಿಗೆ ತಿಳಿಸಿ. ಬಳಸಿದ ಪಟ್ಟಿಯಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟಿನ ಭಾಗ ಒಳಗಾಗುವಂತೆ ಮಡಚಿ ಬೀಗದ ಡಬ್ಬಿಗೇ ಹಾಕಿ, ಆಸ್ಪತ್ರೆಗೆ ಹೋದಾಗ ಹಿಂದಿರುಗಿಸಿ.

## 10. ಇಳಿಸುವುದು, ನಿಲ್ಲಿಸುವುದು, ಉಳಿದದ್ದನ್ನು ಮರಳಿಸುವುದು

ನೋವು ಕಡಿಮೆಯಾಗಿದೆ ಅನ್ನಿಸಿದರೆ ನೋಟ್‌ಬುಕ್ಕು ತೋರಿಸಿ, ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಿ. ಸ್ಟಾಕ್ ಮುಗಿದು ಥಟ್ಟನೆ ನಿಂತುಹೋಗುವುದೇ ಹೆಚ್ಚು ಮನೆಗಳ ಕಥೆ, ಅದಕ್ಕೇ ಮೇಲೆ ಒಂದು ವಾರದ ಲೆಕ್ಕ ಹೇಳಿದ್ದು. ರೋಗಿ ಕೊನೆಯ ದಿನಗಳಲ್ಲಿ ನುಂಗುವುದನ್ನು ನಿಲ್ಲಿಸಿದಾಗಲೂ ಮಾರ್ಫಿನ್ ಕೈಬಿಡಬೇಡಿ. ಮಾತು ನಿಂತಿದ್ದರೂ ನೋವು ಇರುತ್ತದೆ. ಹುಬ್ಬು ಗಂಟಾಗುವುದು, ಮಗ್ಗುಲು ತಿರುಗಿಸಿದಾಗ ಮುಲುಗುವುದು ನೋಡಿ ತಿಳಿಯಬಹುದು. ಚರ್ಮದಡಿ ಸಣ್ಣ ಸೂಜಿಯಿಂದ ಕೊಡುವ ದಾರಿಯಿದೆ, ತಂಡವನ್ನು ಕರೆಯಿರಿ.

ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಕೊಟ್ಟ ಸಂಸ್ಥೆಗೆ ಹಿಂದಿರುಗಿಸಿ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿಗೆ ಅದೇ ಕಾಯಿಲೆ, ಅವರೂ ನರಳುತ್ತಿದ್ದಾರೆ ಎಂದು ಕರುಣೆಯಿಂದ ಕೊಡಲು ಮನಸ್ಸಾಗುತ್ತದೆ. ಕೊಡಬೇಡಿ. ನಿಮ್ಮ ಅಪ್ಪನಿಗೆ ಒಗ್ಗಿದ್ದ 60 ಮಿ.ಗ್ರಾಂ ಮಾತ್ರೆ ಹೊಸಬರ ಉಸಿರು ನಿಲ್ಲಿಸಬಲ್ಲದು. ಅವರಿಗೆ ನೀವು ಹೋಗುತ್ತಿದ್ದ ಆಸ್ಪತ್ರೆಯ ವಿಳಾಸ ಕೊಡಿ, ಸಾಧ್ಯವಾದರೆ ಒಂದು ಸಲ ಜೊತೆಗೆ ಹೋಗಿ ಬನ್ನಿ.